ಈ ಲೆಕ್ಕವನ್ನು ಚಾದರದಲ್ಲಿ ನೇಯಿರಿ

2025ರ ಮೇ 18, ಭಾನುವಾರ. ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಬೆಳಗಿನ ಜಾವ ಒಂದು ಟವೆಲ್ ಕಾರ್ಖಾನೆಗೆ ಬೆಂಕಿ ಬಿತ್ತು. ಊರು ಇನ್ನೂ ಎದ್ದಿರಲಿಲ್ಲ. ಎಂಟು ಮಂದಿ ಸತ್ತರು. ಕಾರ್ಖಾನೆಯ ಮಾಲೀಕರು ಸತ್ತರು, ಅವರ ಮನೆಯವರು ಸತ್ತರು, ಕೆಲಸಗಾರರು ಸತ್ತರು. ಸತ್ತವರಲ್ಲಿ ಒಂದೂವರೆ ವರ್ಷದ ಕೂಸೂ ಒಂದು. ಶಾರ್ಟ್ ಸರ್ಕ್ಯೂಟ್ ಇರಬಹುದು ಎಂದರು. ಪರಿಹಾರ ಘೋಷಣೆಯಾಯಿತು, ಸಂತಾಪ ಸಂದೇಶಗಳು ಬಂದವು, ತನಿಖೆ ಆಗಬೇಕೆಂಬ ಮಾತೂ ಬಂತು.

ನನಗೆ ಇವತ್ತಿಗೂ ಸಿಟ್ಟು ತರಿಸುವ ಪ್ರಶ್ನೆ ಒಂದೇ. ಒಂದೂವರೆ ವರ್ಷದ ಕೂಸು ಟವೆಲ್ ಕಾರ್ಖಾನೆಯಲ್ಲಿ ಯಾಕೆ ಮಲಗಿತ್ತು? ಅದಕ್ಕೆ ಅದೇ ಮನೆಯಾಗಿತ್ತು, ಅದಕ್ಕೆ. ಮಾಲೀಕನಿಗೂ ಅದೇ ಮನೆ, ಕೂಲಿಯವನಿಗೂ ಅದೇ ಮನೆ. ಸೊಲ್ಲಾಪುರದ ಪೂರ್ವ ಭಾಗದ ಗಲ್ಲಿಗಳನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಕೆಳಗೆ ಮಗ್ಗ, ಮೇಲೆ ಖೋಲಿ. ಮುಂದೆ ಮಗ್ಗ, ಹಿಂದೆ ಒಲೆ. ತೆಲಂಗಾಣದಿಂದ ಬಂದ ಪದ್ಮಸಾಲಿಗಳು, ನಮ್ಮ ಕಡೆಯ ಕನ್ನಡದವರು, ಮೋಮಿನರು, ಮರಾಠಿಯವರು, ಎಲ್ಲರೂ ಹೀಗೇ ಬದುಕಿದರು. ಮಗ್ಗದ ಸದ್ದು ನಿಂತರೆ ತೊಟ್ಟಿಲಲ್ಲಿದ್ದ ಮಗು ಎಚ್ಚರಾಗುತ್ತದೆ ಎಂದು ಅಲ್ಲಿಯ ಹೆಂಗಸರು ಹೇಳುವುದುಂಟು. ಪವರ್‌ಲೂಮ್‌ಗಳು ಗಲ್ಲಿ ಬಿಟ್ಟು ಎಂಐಡಿಸಿಗೆ ಹೋದಾಗ ಖೋಲಿಯೂ ಅವುಗಳ ಬೆನ್ನಿಗೇ ಹೋಯಿತು. ಹೋಗಿದ್ದು ಕಾಗದದಲ್ಲಿ ಮಾತ್ರ ಬರಲಿಲ್ಲ.

ಎಂಐಡಿಸಿಯ ನಕ್ಷೆಯನ್ನು ಬಿಡಿಸಿ ನೋಡಿ. ಪ್ಲಾಟ್ ನಂಬರ್ ಇದೆ, ಚದರ ಮೀಟರ್ ಇದೆ, ರಸ್ತೆಯ ಅಗಲ ಇದೆ. ಭೂಮಿಯನ್ನು 95 ವರ್ಷಗಳ ಗುತ್ತಿಗೆಗೆ ಕೊಡುತ್ತಾರೆ. ಯಾರಿಗೆ ಕೊಟ್ಟರು, ಯಾವಾಗ ಕೊಟ್ಟರು ಎಂಬುದಕ್ಕೆ ದಾಖಲೆ ಇದೆ. ಮನುಷ್ಯರು ಮಲಗುವ ಜಾಗ ಮಾತ್ರ ಆ ನಕ್ಷೆಯಲ್ಲಿ ಇಲ್ಲ, ಯಾಕೆಂದರೆ ಅಲ್ಲಿ ಯಾರೂ ಮಲಗಬಾರದು ಎಂಬುದು ನಿಯಮ. ನಿಯಮ ಬರೆದವರು ಅಲ್ಲಿಗೇ ಕೈ ತೊಳೆದುಕೊಂಡರು. ಮಲಗಬಾರದು ಎಂದ ಮೇಲೆ ಮಲಗುವವರನ್ನು ಎಣಿಸುವುದು ಹೇಗೆ? ಎಣಿಸದ ಮೇಲೆ ಅವರಿಗೆ ಎರಡನೆಯ ಬಾಗಿಲು ಬೇಕು, ಮೆಟ್ಟಿಲು ಬೇಕು, ಹತ್ತಿರದಲ್ಲೊಂದು ಅಗ್ನಿಶಾಮಕ ಗಾಡಿ ಬೇಕು ಎಂದು ಕೇಳುವವರಾದರೂ ಯಾರು? ಲೆಕ್ಕಕ್ಕೆ ಬಾರದ ಮನೆಯನ್ನು ಸುಡುವುದೂ ಸುಲಭ, ಕೆಡವುವುದೂ ಸುಲಭ. ಎರಡಕ್ಕೂ ಯಾರೂ ಉತ್ತರ ಕೊಡಬೇಕಾಗಿಲ್ಲ.

ಈ ಊರು ಮೊದಲಿನಿಂದಲೂ ಕೆಲಸದವರ ಊರು. 1877ರಲ್ಲಿ ಮುರಾರ್ಜಿ ಗೋಕುಳದಾಸರು ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಮಿಲ್ ತೆಗೆದರು. ಜನ ಅದನ್ನು ಜುನಿ ಗಿರಣಿ ಎಂದೇ ಕರೆದರು. ಆಮೇಲೆ ನರಸಿಂಗಗಿರಜಿ, ವಿಷ್ಣು, ಲಕ್ಷ್ಮಿ, ಜಾಮ್ ಗಿರಣಿಗಳು ಬಂದವು. ಗಿರಣಿಯ ಭೋಂಗಾ ಕೂಗಿದರೆ ಊರು ಏಳುತ್ತಿತ್ತು, ಭೋಂಗಾ ಕೂಗಿದರೆ ಊಟಕ್ಕೆ ಕೂರುತ್ತಿತ್ತು. ಗಿರಣಿಯ ಸುತ್ತ ಕಾರ್ಮಿಕರ ಚಾಳುಗಳು ಎದ್ದವು. 1930ರ ಮೇ ತಿಂಗಳಲ್ಲಿ ಬ್ರಿಟಿಷರು ಈ ಊರಿನ ಮೇಲೆ ಮಾರ್ಷಲ್ ಲಾ ಹೇರಿದರು; 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ಈ ನಾಲ್ವರನ್ನು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಅಂಥ ನಾಲ್ವರ ಹೆಸರಿನ ಚೌಕ ಇರುವ ಊರಿನಲ್ಲಿ ಗಿರಣಿ ಕಾರ್ಮಿಕನ ಚಾಳು ಎಲ್ಲಿತ್ತು, ಎಷ್ಟು ಖೋಲಿ ಇದ್ದವು, ಯಾವ ವರ್ಷ ಯಾವ ಸಾಲು ನೆಲಸಮವಾಯಿತು ಎಂದು ತೋರಿಸುವ ಒಂದು ಫಲಕ ನನ್ನ ಕಣ್ಣಿಗೆ ಬಿದ್ದಿಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಯಂತ್ರ ಗುಜರಿಗೆ ಹೋಯಿತು, ಭೂಮಿ ಬೆಲೆಗೆ ಬಂತು. ನಡುವೆ ಇದ್ದ ಮನುಷ್ಯರು ಎಲ್ಲಿ ಹೋದರೆಂದು ಕೇಳಿದರೆ ಕಚೇರಿಯ ಕಪಾಟಿನಲ್ಲಿ ಉತ್ತರವಿಲ್ಲ.

ಗಿರಣಿ ಭೂಮಿಯನ್ನು ಹೇಗೆ ನುಂಗುತ್ತಾರೆ ಎಂಬುದಕ್ಕೆ ಮಹಾರಾಷ್ಟ್ರದಲ್ಲಿ ಪಾಠ ಈಗಾಗಲೇ ಬರೆದಾಗಿದೆ. ಮುಂಬೈಯ ಗಿರಣಿಗಳ ಪ್ರದೇಶವಾದ ಗಿರಣಗಾಂವದಲ್ಲಿ 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರ ಶುರುವಾಯಿತು. ಎರಡೂವರೆ ಲಕ್ಷದಷ್ಟು ಕಾರ್ಮಿಕರು ಹೊರಬಂದರು. ಬಹುಪಾಲು ಜನ ಮತ್ತೆ ಒಳಗೆ ಹೋಗಲೇ ಇಲ್ಲ. 1991ರಲ್ಲಿ ಬಂದ 58ನೆಯ ಅಭಿವೃದ್ಧಿ ನಿಯಮ, ಗಿರಣಿ ಭೂಮಿ ಮಾರುವುದಾದರೆ ಮೂರರಲ್ಲೊಂದು ಪಾಲು ಸಾರ್ವಜನಿಕ ಬಯಲಿಗೆ, ಮತ್ತೊಂದು ಪಾಲು ಬಡವರ ಮನೆಗೆ ಎಂದಿತ್ತು. 2001ರಲ್ಲಿ ಅದನ್ನು ತಿದ್ದಿದರು. ಇಡೀ ಭೂಮಿಯ ಬದಲು, ಕಟ್ಟಡವಿಲ್ಲದೆ ಖಾಲಿ ಬಿದ್ದ ಜಾಗವನ್ನಷ್ಟೇ ಹಂಚಿದರೆ ಸಾಕೆಂದರು. ಗಿರಣಿ ಎಂದರೆ ಕಟ್ಟಡವೇ. ಖಾಲಿ ಜಾಗ ಎಷ್ಟಿರುತ್ತದೆ? 2006ರ ಮಾರ್ಚ್ 7ರಂದು ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇಂದು ಪರೇಲಿನಲ್ಲಿ ನಿಂತು ತಲೆ ಎತ್ತಿದರೆ ಕಾಣುವುದು ಆ ತಿದ್ದುಪಡಿಯೇ, ಗಾಜಿನಲ್ಲಿ ಮತ್ತು ಉಕ್ಕಿನಲ್ಲಿ. ಚಿತ್ರಕಾರ ಸುಧೀರ ಪಟವರ್ಧನ್ 2001ರಲ್ಲೇ ‘ಲೋವರ್ ಪರೇಲ್’ ಎಂಬ ದೊಡ್ಡ ಚಿತ್ರ ಬರೆದರು. ಕಲಾವಿದ ಕಂಡದ್ದನ್ನು ಕಾನೂನು ಕಾಣಲಿಲ್ಲ ಎಂದು ನಾನು ಹೇಳುವುದಿಲ್ಲ. ಕಾನೂನೂ ಕಂಡಿತ್ತು, ಕಂಡೇ ತಿದ್ದಿತು.

ಕನ್ನಡ ನಾಡು ಇದಕ್ಕಿಂತ ಮೇಲು ಎಂದು ಯಾರೂ ಬೀಗುವುದು ಬೇಡ. 2013ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಈಜಿಪುರದ ಬಡವರ ಕ್ವಾರ್ಟರ್ಸ್ ಜಾಗದಿಂದ ಸುಮಾರು 1,500 ಕುಟುಂಬಗಳನ್ನು ಜೆಸಿಬಿ ಹಚ್ಚಿ ಎಬ್ಬಿಸಿದರು. 15 ಎಕರೆ ಭೂಮಿ. ಅದರಲ್ಲಿ ಮಾಲ್ ಬರುವುದಿತ್ತು. ಕೂಸುಗಳನ್ನು ಎತ್ತಿಕೊಂಡು ಫುಟ್‌ಪಾತಿನ ಮೇಲೆ ಕೂತ ತಾಯಂದಿರ ಫೋಟೋಗಳು ಪತ್ರಿಕೆಗಳಲ್ಲಿ ಬಂದವು, ನಾವು ನೋಡಿದೆವು, ಪುಟ ತಿರುವಿದೆವು.

ಇಷ್ಟು ಹೇಳಿದ ಮೇಲೆ ಕಲೆಯ ಮಾತಿಗೆ ಬರುತ್ತೇನೆ. ಈಗ ದೊಡ್ಡ ಊರುಗಳಲ್ಲಿ ಡೇಟಾ ಆರ್ಟ್ ಎಂಬ ಮಾತು ಓಡಾಡುತ್ತಿದೆ. ಬಾಡಿಗೆ ಎಷ್ಟು ಏರಿತು, ಯಾವ ಬೀದಿಯಿಂದ ಯಾರು ಖಾಲಿಯಾದರು, ಮನೆಯ ಬೆಲೆ ಎಲ್ಲಿ ಕುಸಿಯಿತು ಎಂಬ ಅಂಕಿಗಳನ್ನು ಬೆಳಕಾಗಿ, ಬಣ್ಣವಾಗಿ, ಸದ್ದಾಗಿ ಮಾಡಿ ಗ್ಯಾಲರಿಯಲ್ಲಿ ಇಡುತ್ತಾರೆ. ಅದರಲ್ಲಿ ಒಂದು ಬಗೆಯನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಜನರನ್ನು ಎಬ್ಬಿಸಿ ಕಟ್ಟಿದ ಟವರಿನ ಲಾಬಿಯಲ್ಲೇ ಆ ಅಂಕಿಗಳು ನೀಲಿ ಅಲೆಗಳಾಗಿ ತೇಲುತ್ತವೆ. ಯಾರ ಮನೆ, ಯಾರು ಕೆಡವಿದರು, ಯಾರ ಜೇಬಿಗೆ ಹೋಯಿತು ಎಂಬುದು ಮಾತ್ರ ಕಾಣುವುದಿಲ್ಲ. ಹೆಸರು ಅಳಿಸಿದ ಅಂಕಿ ಕೆಡವಿದವನ ಗೋಡೆಗೆ ಒಳ್ಳೆಯ ಅಲಂಕಾರ.

ಆದರೆ ಇನ್ನೊಂದು ಬಗೆಯೂ ಇದೆ. ಅದಕ್ಕೆ ಅರ್ಧ ಶತಮಾನಕ್ಕೂ ಮೀರಿದ ವಯಸ್ಸು. 1971ರಲ್ಲಿ ಹಾನ್ಸ್ ಹಾಕೆ ಎಂಬ ಕಲಾವಿದ ನ್ಯೂಯಾರ್ಕಿನ ಹಾರ್ಲೆಮ್ ಮತ್ತು ಲೋವರ್ ಈಸ್ಟ್ ಸೈಡಿನ ಬಡವರ ಬೀದಿಗಳಲ್ಲಿ ಅಲೆದು ಒಂದೊಂದೇ ಕಟ್ಟಡದ ಮುಂಭಾಗದ ಫೋಟೋ ತೆಗೆದ, ಒಟ್ಟು 142. ಪ್ರತಿಯೊಂದರ ಜೊತೆಗೆ ಟೈಪು ಮಾಡಿದ ಒಂದು ಹಾಳೆ. ವಿಳಾಸ, ಮಾಲೀಕ ಕಂಪನಿಯ ಹೆಸರು, ಕೊಂಡ ದಿನಾಂಕ, ಅಡಮಾನದ ವಿವರ, ತೆರಿಗೆಗೆ ಹಿಡಿದ ಬೆಲೆ. ಅಷ್ಟೂ ಮಾಹಿತಿ ಸರ್ಕಾರಿ ದಫ್ತರಿನದು, ಯಾರು ಬೇಕಾದರೂ ಹೋಗಿ ನೋಡಬಹುದಾದದ್ದು. ಹತ್ತಾರು ಕಂಪನಿ ಹೆಸರುಗಳ ಹಿಂದೆ ಒಂದೇ ಗುಂಪು ಕೂತಿರುವುದು ಆ ಗೋಡೆಯ ಮುಂದೆ ನಿಂತವರಿಗೆ ತಾನಾಗಿ ತಿಳಿಯುತ್ತಿತ್ತು. ಬಣ್ಣವಿಲ್ಲ, ಬೆಳಕಿಲ್ಲ, ಬೈಗುಳವೂ ಇಲ್ಲ. ಗುಗೆನ್‌ಹೈಮ್ ಮ್ಯೂಸಿಯಂ ಹೆದರಿ ಪ್ರದರ್ಶನವನ್ನೇ ರದ್ದು ಮಾಡಿತು. ಕಲಾವಿದನ ಪರ ನಿಂತ ಕ್ಯುರೇಟರ್ ಎಡ್ವರ್ಡ್ ಫ್ರೈ ಕೆಲಸ ಕಳೆದುಕೊಂಡರು. ಹೆಸರು, ವಿಳಾಸ, ತಾರೀಖು ಮೂರನ್ನೂ ಒಂದೇ ಗೋಡೆಗೆ ತಂದರೆ ಎಂಥ ದೊಡ್ಡ ಸಂಸ್ಥೆಗೂ ನಡುಕ ಹುಟ್ಟುತ್ತದೆ. 2013ರಿಂದ ಸ್ಯಾನ್ ಫ್ರಾನ್ಸಿಸ್ಕೊದ ಎವಿಕ್ಷನ್ ವಿರೋಧಿ ನಕ್ಷೆಗಾರರು ಇದೇ ಕೆಲಸವನ್ನು ಬಾಡಿಗೆದಾರರ ಜೊತೆ ಕೂತು ಮಾಡುತ್ತಿದ್ದಾರೆ.

ಇದೆಲ್ಲ ಅಮೆರಿಕದವರ ಕಸುಬು, ನಮಗೆ ಯಾಕೆ ಎನ್ನುವವರು ಸೊಲ್ಲಾಪುರದ ಚಾದರವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಲಿ. ಭೌಗೋಳಿಕ ಗುರುತು ಪಡೆದ ಚಾದರ ಅದು. ಅದರ ಮೇಲಿನ ನವಿಲುಗರಿ, ಹೂಬಳ್ಳಿ, ಚೌಕಟ್ಟು ಇವೆಲ್ಲ ಬಂದದ್ದು ತೂತುಗಳಿಂದ. ಮೊದಲು ಚೌಕುಳಿ ಕಾಗದದ ಮೇಲೆ ನಕ್ಷೆ ಬರೆಯುತ್ತಾರೆ. ಆಮೇಲೆ ಅದನ್ನು ಸಾಲು ಸಾಲಾಗಿ ಓದಿ, ಉದ್ದನೆಯ ದಪ್ಪ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಯುತ್ತಾರೆ. ಕಾರ್ಡುಗಳನ್ನು ದಾರದಿಂದ ಹೊಲಿದು ಮಾಲೆ ಮಾಡಿ ಮಗ್ಗದ ನೆತ್ತಿಯ ಮೇಲೆ ತೂಗುಹಾಕುತ್ತಾರೆ. ಮಗ್ಗ ಒಂದು ಸಲ ಬಡಿದರೆ ಒಂದು ಕಾರ್ಡು ತಿರುಗುತ್ತದೆ. ತೂತು ಇದ್ದಲ್ಲಿ ಸೂಜಿ ಒಳಹೋಗಿ ಕೊಕ್ಕೆ ಮೇಲೇಳುತ್ತದೆ, ಅದರ ಜೊತೆ ಹಾಸಿನ ಎಳೆಯೂ ಏಳುತ್ತದೆ. ತೂತು ಇಲ್ಲದಲ್ಲಿ ಎಳೆ ಕೆಳಗೇ ಉಳಿಯುತ್ತದೆ. ಎದ್ದ ಎಳೆ, ಏಳದ ಎಳೆಗಳ ನಡುವೆ ಲಾಳಿ ಓಡುತ್ತದೆ. ಇದೇ ಜಕಾರ್ಡ್. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಈ ತೂತಿನ ಕಾರ್ಡು 1890ರಲ್ಲಿ ಅಮೆರಿಕದ ಜನಗಣತಿಯ ಯಂತ್ರಕ್ಕೂ ಬಂತು. ಹರ್ಮನ್ ಹಾಲರಿತ್ ಎಂಬಾತ ಜನರ ವಯಸ್ಸು, ಹುಟ್ಟೂರು, ಕಸುಬುಗಳನ್ನು ತೂತು ಮಾಡಿ ಎಣಿಸಿದ. ನೇಯುವುದಕ್ಕೂ ಎಣಿಸುವುದಕ್ಕೂ ಒಂದೇ ಉಪಕರಣ. ಆ ಉಪಕರಣವನ್ನು ತಲೆಮಾರುಗಳಿಂದ ಬಳಸಿದ ಕೈಗಳು ಅಶೋಕ ಚೌಕದ ಸುತ್ತಮುತ್ತ, ಸಾಖರ ಪೇಟೆಯಲ್ಲಿ, ಅಕ್ಕಲಕೋಟ ರಸ್ತೆಯ ಷೆಡ್ಡುಗಳಲ್ಲಿ ಇನ್ನೂ ಇವೆ. ಈಗ ಎಲೆಕ್ಟ್ರಾನಿಕ್ ಜಕಾರ್ಡ್ ಬಂದು ರಟ್ಟಿನ ಕಾರ್ಡುಗಳು ಹಿಂದೆ ಸರಿಯುತ್ತಿವೆ, ಆದರೆ ನಕ್ಷೆಯನ್ನು ಎಳೆಯಾಗಿ ಓದುವ ಕಣ್ಣು ಹೋಗಿಲ್ಲ. ಇಂಥವರಿಗೆ ಡೇಟಾ ಎಂದರೇನು ಎಂದು ಹೊರಗಿನವರು ಬಂದು ಕಲಿಸಬೇಕಾಗಿಲ್ಲ.

ಎಣಿಸುವ ಕೆಲಸ ಕೆಳಗಿನಿಂದ ನಡೆದರೆ ಏನಾಗುತ್ತದೆ ಎಂಬುದನ್ನೂ ಇದೇ ಅಕ್ಕಲಕೋಟ ರಸ್ತೆ ತೋರಿಸಿದೆ. ಎಂಐಡಿಸಿ ದಾಟಿ ಅಕ್ಕಲಕೋಟದ ಕಡೆಗೆ ಮುಂದೆ ಹೋದರೆ ಕುಂಭಾರಿ ಸಿಗುತ್ತದೆ. ಅಲ್ಲಿ ಗೋದೂತಾಯಿ ಪರುಳೇಕರರ ಹೆಸರಿನಲ್ಲಿ ಬೀಡಿ ಕಟ್ಟುವ ಹೆಂಗಸರಿಗಾಗಿ 10,000 ಮನೆಗಳು ಎದ್ದು, 2006ರಲ್ಲಿ ಪ್ರಧಾನಿ ಮನಮೋಹನ ಸಿಂಗ್ ಬಂದು ಅವುಗಳನ್ನು ಒಪ್ಪಿಸಿದರು. ಅದರ ಬೆನ್ನಿಗೆ ರೇ ನಗರ: ಬೀಡಿ, ಮಗ್ಗ, ಚಿಂದಿ ಆಯುವ, ಹೊಲಿಯುವ ಅಸಂಘಟಿತ ಕೆಲಸದವರಿಗೆ 30,000 ಮನೆ. 2019ರ ಜನವರಿ 9ರಂದು ಅಡಿಗಲ್ಲು, 2024ರ ಜನವರಿ 19ರಂದು ಮೊದಲ 15,000 ಮನೆಗಳ ಹಸ್ತಾಂತರ, ಎರಡೂ ಪ್ರಧಾನಿ ಮೋದಿಯವರ ಕೈಯಿಂದ. ಪ್ರಧಾನಿಗಳು ಬಂದು ಹೋದರು. ಆದರೆ ಮನೆ ತಂದವರು ಅವರಲ್ಲ. ಕಾರ್ಮಿಕ ನಾಯಕ ನರಸಯ್ಯ ಆಡಂ, ಎಲ್ಲರ ಆಡಂ ಮಾಸ್ತರ, ಅವರ ಜೊತೆ ಕೆಂಪು ಬಾವುಟ ಹಿಡಿದು ವರ್ಷಗಟ್ಟಲೆ ಮೋರ್ಚಾ ಹೋದ ಹೆಂಗಸರು ತಂದರು. ಯಾರಿಗೆ ಮನೆ ಇಲ್ಲ, ಯಾರು ಎಷ್ಟು ಹಣ ಕಟ್ಟಿದ್ದಾರೆ ಎಂಬ ಯಾದಿಯನ್ನು ಬಿಡದೆ ಮುಂದಿಟ್ಟುಕೊಂಡು ತಂದರು. ತೆಲುಗು, ಕನ್ನಡ, ಮರಾಠಿ, ಉರ್ದು ಹೆಸರುಗಳೆಲ್ಲ ಒಂದೇ ಯಾದಿಯಲ್ಲಿದ್ದವು. ಈ ಗೆಲುವನ್ನು ನಾನು ಕಡಿಮೆ ಮಾಡುವುದಿಲ್ಲ.

ಆದರೂ ನೋಡಿ, ಆ ಮನೆಗಳು ಊರಿನಿಂದ ಎಷ್ಟು ದೂರ. ಬಡವನಿಗೆ ಮನೆ ಎಂದ ಕೂಡಲೇ ಊರಾಚೆಯ ಮಾಳದ ಕಡೆಗೆ ಬೆರಳು ಹೋಗುತ್ತದೆ; ಊರ ನಡುವಿನ ಗಿರಣಿ ಭೂಮಿಯ ಕಡೆಗೆ ಯಾವ ಬೆರಳೂ ಹೋಗುವುದಿಲ್ಲ. 2016ರ ಜನವರಿಯಲ್ಲಿ ಪ್ರಕಟವಾದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳಲ್ಲಿ ಸೊಲ್ಲಾಪುರವೂ ಒಂದು. ನಲ್ಲಿಯಲ್ಲಿ ನೀರು ಕೆಲವು ದಿನಗಳಿಗೊಮ್ಮೆ ಬರುತ್ತಿದ್ದ ಊರು ಅದು. ರಸ್ತೆ ಅಗಲವಾಗುತ್ತದೆ, ವಿಮಾನ ಇಳಿಯುತ್ತದೆ, ಅಕ್ಕಲಕೋಟದ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಗಾಡಿಗಳು ಹೆಚ್ಚುತ್ತವೆ. ಅದರ ಜೊತೆಗೆ ರಸ್ತೆ ಬದಿಯ ಗುಂಟೆಯ ಬೆಲೆಯೂ ಏರುತ್ತದೆ. ಆ ಬೆಲೆ ಏರಿದ ದಿನವೇ ಗುಂಠೇವಾರಿಯಲ್ಲಿ ಮನೆ ಕಟ್ಟಿಕೊಂಡವನ ನಿದ್ದೆ ಹೋಗುತ್ತದೆ. ಹೊಲವನ್ನು ಗುಂಟೆ ಗುಂಟೆಯಾಗಿ ಸೀಳಿ ಮಾರಿದವನು ಹಣ ಎಣಿಸಿಕೊಂಡು ಹೋಗಿದ್ದಾನೆ. ಕೊಂಡವನ ಕೈಯಲ್ಲಿ ಇರುವುದು ನೂರು ರೂಪಾಯಿಯ ಬಾಂಡ್ ಪೇಪರು. ಜಮೀನಿನ ಉತಾರೆಯಲ್ಲಿ ಅವನ ಹೆಸರಿಲ್ಲ. ಇಂಥವುಗಳನ್ನು ಸಕ್ರಮ ಮಾಡಲೆಂದೇ 2001ರಲ್ಲಿ ಕಾಯ್ದೆ ಬಂತು. ಇಷ್ಟು ವರ್ಷವಾದರೂ ಜನ ಚಲನ್ ಹಿಡಿದು ಓಡಾಡುವುದು ನಿಂತಿಲ್ಲ. ಕೊಳೆಗೇರಿಯವನ ಪಾಡೂ ಇದೇ. ಇಂಥ ತಾರೀಖಿಗಿಂತ ಮುಂಚೆ ನೀನು ಇಲ್ಲಿದ್ದೆ ಎಂಬುದಕ್ಕೆ ಸಾಕ್ಷಿ ತಾ ಎನ್ನುತ್ತಾರೆ. ಅವನು ಲೈಟ್ ಬಿಲ್ಲು, ಪಡಿತರ ಚೀಟಿ, ಮತದಾರರ ಪಟ್ಟಿ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜಂತಿಗೆ ಸಿಕ್ಕಿಸಿಟ್ಟಿರುತ್ತಾನೆ. ಜೆಸಿಬಿ ಬಂದ ದಿನ ಮೊದಲು ಬೀಳುವುದು ಆ ಜಂತಿ.

ಹೀಗೆ ಬಡವ ಮಾತ್ರ ಸಾಕ್ಷಿ ಕೊಡುತ್ತಲೇ ಇರಬೇಕು. ಕೆಡವಿದವರು ಕೊಡಬೇಕಾದ ಸಾಕ್ಷಿ ಎಲ್ಲಿ? ದೆಹಲಿಯ ಹೌಸಿಂಗ್ ಅಂಡ್ ಲ್ಯಾಂಡ್ ರೈಟ್ಸ್ ನೆಟ್‌ವರ್ಕ್ ಸಂಸ್ಥೆ ಕೂಡಿಸಿದ ಲೆಕ್ಕದಂತೆ 2022 ಮತ್ತು 2023ರ ಎರಡೇ ವರ್ಷಗಳಲ್ಲಿ ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮನೆಗಳು ನೆಲಸಮವಾದವು. ಒಂದು ಸ್ವಯಂಸೇವಾ ಸಂಸ್ಥೆ ಪತ್ರಿಕೆಗಳನ್ನು ಕತ್ತರಿಸಿ, ಊರೂರಿನ ಗೆಳೆಯರನ್ನು ಕೇಳಿ ಈ ಲೆಕ್ಕ ಹಾಕಬೇಕಾಯಿತು. ಉಪಗ್ರಹದಿಂದ ಒಂದೊಂದು ತಗಡನ್ನೂ ಗುರುತಿಸಬಲ್ಲ ಸರ್ಕಾರದ ಹತ್ತಿರ ಕೆಡವಿದ ಮನೆಗಳ ಪುಸ್ತಕವಿಲ್ಲ. 2011ರ ನಂತರದ ಜನಗಣತಿಯೂ ಸಮಯಕ್ಕೆ ನಡೆಯಲಿಲ್ಲ. 2011ರ ಗಣತಿಯ ಒಂಬತ್ತೂವರೆ ಲಕ್ಷ ಜನಸಂಖ್ಯೆಯನ್ನೇ ಸೊಲ್ಲಾಪುರ ವರ್ಷಗಟ್ಟಲೆ ತನ್ನದೆಂದು ಹೇಳಿಕೊಳ್ಳಬೇಕಾಯಿತು.

2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಬುಲ್ಡೋಜರ್ ಪ್ರಕರಣದಲ್ಲಿ ಹೇಳಿದ್ದೇನು? ಹದಿನೈದು ದಿನಗಳ ನೋಟೀಸು ಕೊಡಬೇಕು, ಕೆಡವುವುದನ್ನು ವಿಡಿಯೋ ಮಾಡಬೇಕು, ತಪ್ಪಿದ ಅಧಿಕಾರಿ ತನ್ನ ಕೈಯಿಂದ ಹಣ ಕಟ್ಟಬೇಕು; ಪ್ರತಿ ಸ್ಥಳೀಯ ಸಂಸ್ಥೆಯೂ ಮೂರು ತಿಂಗಳೊಳಗೆ ಒಂದು ಪೋರ್ಟಲ್ ತೆರೆದು ನೋಟೀಸು, ಉತ್ತರ, ಆದೇಶ ಎಲ್ಲವನ್ನೂ ಅದರಲ್ಲಿ ಹಾಕಬೇಕು. ಅದೇ ತೀರ್ಪು ರಸ್ತೆ, ಫುಟ್‌ಪಾತುಗಳ ಮೇಲಿನ, ರೈಲು ಹಳಿ, ನದಿ, ಕೆರೆಯ ಪಕ್ಕದ ಅನಧಿಕೃತ ಕಟ್ಟಡಗಳಿಗೆ ಈ ರಕ್ಷಣೆ ಇಲ್ಲ ಎಂದೂ ಹೇಳಿತು. ಬಡವ ಬೇರೆ ಎಲ್ಲಿ ಮನೆ ಕಟ್ಟುತ್ತಾನೆ, ಸ್ವಾಮಿ? ಹಳಿಯ ಪಕ್ಕ, ಕೆರೆಯ ಅಂಚು, ರಸ್ತೆಯ ಬದಿ ಬಿಟ್ಟು ಅವನಿಗೆ ಯಾರು ಜಾಗ ಕೊಟ್ಟಿದ್ದಾರೆ? ನ್ಯಾಯದ ಬಾಗಿಲು ತೆರೆದು, ಅವನು ನಿಂತಿರುವ ಹೊಸ್ತಿಲನ್ನೇ ಹೊರಗೆ ಬಿಟ್ಟರು.

ಅದಕ್ಕೆ ನಾನು ಸೊಲ್ಲಾಪುರದ ನಕ್ಷೆಗಾರರನ್ನು, ಕಾರ್ಡು ಹೊಡೆಯುವವರನ್ನು, ಮಗ್ಗದ ಮಾಲೀಕರನ್ನು ಕೈಮುಗಿದು ಕೇಳುತ್ತಿದ್ದೇನೆ. ನವಿಲುಗರಿಯ ನಕ್ಷೆಯನ್ನು ಒಂದು ವಾರ ಪಕ್ಕಕ್ಕಿಡಿ. ಒಂದು ಗಲ್ಲಿಯನ್ನು ತೆಗೆದುಕೊಳ್ಳಿ, ಒಂದು ಚಾಳನ್ನು ತೆಗೆದುಕೊಳ್ಳಿ, ಎಂಐಡಿಸಿಯ ಒಂದು ಸಾಲು ಷೆಡ್ಡುಗಳನ್ನು ತೆಗೆದುಕೊಳ್ಳಿ. ಜನ ವಾಸವಿರುವ ಒಂದೊಂದು ಖೋಲಿಗೆ ಒಂದು ತೂತು ಹೊಡೆಯಿರಿ. ಕೆಡವಿದ ಖೋಲಿಗೆ, ಸುಟ್ಟ ಖೋಲಿಗೆ ತೂತು ಬೇಡ. ಅಲ್ಲಿ ಎಳೆ ಏಳದಿರಲಿ, ಬಣ್ಣ ಬಾರದಿರಲಿ. ಒಂದು ಪಟ್ಟಿಗೆ ಒಂದು ವರ್ಷ. ಚಾದರದ ಮೂಲೆಯಲ್ಲಿ ಕಂಪನಿಯ ಹೆಸರು ನೇಯುವ ರೂಢಿ ನಿಮ್ಮಲ್ಲಿ ಇದ್ದೇ ಇದೆ; ಆ ಜಾಗದಲ್ಲಿ ಕೆಡವುವ ಆದೇಶದ ನಂಬರು, ತಾರೀಖು, ಸಹಿ ಹಾಕಿದ ಹುದ್ದೆ, ಈಗ ಆ ಭೂಮಿ ಯಾರ ಹೆಸರಿನಲ್ಲಿದೆ ಎಂಬುದನ್ನು ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕರಲ್ಲೂ ನೇಯಿರಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ತರಬಹುದಾದ ವಿವರ ಇದು. ಅರ್ಜಿ ಬರೆಯಲು ಕಾಲೇಜಿನ ಹುಡುಗ ಹುಡುಗಿಯರಿದ್ದಾರೆ. ನಾನೂ ಬರೆದುಕೊಡುತ್ತೇನೆ. ಉತ್ತರ ಬಾರದಿದ್ದರೆ ಆ ಜಾಗವನ್ನೂ ಖಾಲಿ ಬಿಟ್ಟೇ ನೇಯಿರಿ, ಯಾವ ಕಚೇರಿ ಉತ್ತರ ಕೊಡಲಿಲ್ಲ ಎಂಬುದನ್ನು ಮಾತ್ರ ಬರೆಯಿರಿ.

ಇಂಥ ಚಾದರವನ್ನು ಯಾರು ಕೊಳ್ಳುತ್ತಾರೆ ಎಂದು ವ್ಯಾಪಾರಿಗಳು ಕೇಳುತ್ತಾರೆ. ಯಾರಿಗೂ ಮಾರುವುದು ಬೇಡ. ಮುಂಬೈಯ ಗ್ಯಾಲರಿಗೂ ಕೊಡುವುದು ಬೇಡ. ನಗರಪಾಲಿಕೆಯ ಸಭೆ ಸೇರುವ ದಿನ ಬಾಗಿಲ ಮುಂದೆ ಹಾಸಿ, ಒಳಗೆ ಹೋಗುವ ಒಬ್ಬೊಬ್ಬ ನಗರಸೇವಕರನ್ನೂ ಒಬ್ಬೊಬ್ಬ ಅಧಿಕಾರಿಯನ್ನೂ ಅದರ ಮುಂದೆ ನಿಲ್ಲಿಸಿ, ಈ ಖಾಲಿ ಜಾಗದಲ್ಲಿ ಇದ್ದವರು ಈಗ ಎಲ್ಲಿದ್ದಾರೆ ಎಂದು ಕೇಳೋಣ. ಪೋರ್ಟಲ್ ಎಲ್ಲಿ, ಆದೇಶದ ಪ್ರತಿ ಎಲ್ಲಿ ಎಂದು ಕೇಳೋಣ. ಎಂಐಡಿಸಿ ಕಚೇರಿಗೆ ಹೋಗಿ, ಇವತ್ತು ರಾತ್ರಿ ನಿಮ್ಮ ಪ್ಲಾಟುಗಳಲ್ಲಿ ಎಷ್ಟು ಕುಟುಂಬ ಮಲಗುತ್ತವೆ, ಅವರಿಗೆ ಹೊರಬರಲು ಎಷ್ಟು ಬಾಗಿಲಿವೆ, ಎಣಿಸಿ ಬರೆದುಕೊಡಿ ಎಂದು ಕೇಳೋಣ. ಬರೆದುಕೊಡುವ ತನಕ ಅಲ್ಲಿಂದ ಏಳುವುದು ಬೇಡ.